ಜಾರಿದ್ದು ಕಾಲೋ, ನೆಲವೋ?

1556ನೆಯ ಇಸವಿಯ ಜನವರಿಯ ಒಂದು ಸಂಜೆ, ದೆಹಲಿಯ ಹಳೆಯ ಕೋಟೆಯೊಳಗಿರುವ ಶೇರ್ ಮಂಡಲವೆಂಬ ಎಂಟು ಮೂಲೆಯ ಪುಟ್ಟ ಕಟ್ಟಡದ ಮೆಟ್ಟಿಲುಗಳಿಂದ ಬಾದಶಹ ಹುಮಾಯೂನ್ ಉರುಳಿ ಬಿದ್ದ. ಕೆಲವೇ ದಿನಗಳಲ್ಲಿ ತೀರಿಕೊಂಡ. ತನ್ನನ್ನು ವರ್ಷಗಟ್ಟಲೆ ದೇಶಭ್ರಷ್ಟನನ್ನಾಗಿ ಮಾಡಿದ್ದ ಶೇರ್ ಶಹನ ಹೆಸರು ಹೊತ್ತ ಆ ಕಟ್ಟಡವನ್ನೇ ಅವನು ತನ್ನ ಗ್ರಂಥಭಂಡಾರ ಮಾಡಿಕೊಂಡಿದ್ದ. ದೆಹಲಿ ಮರಳಿ ಕೈಸೇರಿ ಆಗ ಆರು ತಿಂಗಳು ಕಳೆದಿದ್ದವಷ್ಟೆ. ಮೇಲಿನಿಂದ ಇಳಿಯುತ್ತಿದ್ದಾಗ ಪ್ರಾರ್ಥನೆಯ ಕರೆ ಕೇಳಿಸಿತು, ಭಕ್ತಿಯಿಂದ ಮೆಟ್ಟಿಲ ಮೇಲೆಯೇ ಮಂಡಿಯೂರಲು ಹೋದ, ನಿಲುವಂಗಿಯ ಅಂಚು ಕಾಲಿಗೆ ತೊಡರಿತು ಎಂದು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ನಾವೆಲ್ಲ ಶಾಲೆಯಲ್ಲಿ ಇದನ್ನು ಓದಿದವರೇ. ಬಿದ್ದದ್ದಕ್ಕೆ ಕಾರಣವಾಗಿ ಅವನ ಭಕ್ತಿಯನ್ನು, ಅಂಗಿಯನ್ನು, ಅಫೀಮನ್ನು, ನಕ್ಷತ್ರ ನೋಡುವ ಹಂಬಲವನ್ನು ಹೆಸರಿಸಿದವರುಂಟು. ಆ ಮೆಟ್ಟಿಲುಗಳು ಬಹಳ ಕಡಿದಾಗಿದ್ದವೆಂಬ ಮಾತು ಮಾತ್ರ, ಬಂದರೂ, ಅರ್ಧ ವಾಕ್ಯದಲ್ಲಿ ಬಂದು ಹೋಗುತ್ತದೆ.

ಬಾದಶಹನ ವಿಷಯದಲ್ಲಿ ನಡೆದದ್ದೇ ನಮ್ಮ ನಿಮ್ಮ ಮನೆಗಳಲ್ಲಿಯೂ ನಡೆಯುತ್ತದೆ. ಮನೆಯ ಹಿರಿಯರೊಬ್ಬರು ಬಚ್ಚಲಲ್ಲಿ ಜಾರಿದರೆ, ಅವರನ್ನು ಎತ್ತಿ ಕೂರಿಸುವ ಮೊದಲೇ ನಮ್ಮ ಬಾಯಿಂದ ಬರುವ ಮಾತು, "ನೋಡಿಕೊಂಡು ನಡೆಯಬಾರದಿತ್ತೆ?" ಎಂಬುದು. ಸ್ವಾರಸ್ಯವೆಂದರೆ, ಎಳೆಯ ಮಗು ಬಿದ್ದಾಗ ನಾವು ಹೀಗೆ ಕೇಳುವುದಿಲ್ಲ. ಅಜ್ಜಿ ಓಡಿ ಬಂದು ಮಗುವನ್ನೆತ್ತಿಕೊಂಡು, ನೆಲಕ್ಕೆ ಪಟಪಟನೆ ಎರಡೇಟು ಕೊಟ್ಟು, "ಈ ನೆಲ ಕೆಟ್ಟದ್ದು, ನಮ್ಮ ಪುಟ್ಟನನ್ನು ಬೀಳಿಸಿತು" ಎನ್ನುತ್ತಾಳೆ. ಮಗು ಅಳು ನಿಲ್ಲಿಸುತ್ತದೆ. ನೆಲದ ಮೇಲೆ ತಪ್ಪು ಹೊರಿಸಿದ ಆ ಅಜ್ಜಿ ತಾನೇ ಬಿದ್ದ ದಿನ ತಪ್ಪೆಲ್ಲ ಅವಳ ಕಾಲಿನದಾಗುತ್ತದೆ. ಮಗುವನ್ನು ಸಮಾಧಾನಪಡಿಸಲು ಹೇಳುವ ಆ ಸುಳ್ಳಿನಲ್ಲಿ ಸುಳ್ಳೆಷ್ಟು, ಸತ್ಯವೆಷ್ಟು ಎಂಬುದನ್ನು ವಿಚಾರಿಸುವುದೇ ನನ್ನ ಈ ಮಾತಿನ ಉದ್ದೇಶ.

ಮನೆಯ ಒಳಗಿನ ಅಪಾಯಕ್ಕೆ ಮನೆಯನ್ನೇ ಹೊಣೆ ಮಾಡಬೇಕೆಂಬ ವಿಚಾರ ಹೊಸದೇನಲ್ಲ. ಈಗ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಹಮ್ಮುರಾಬಿಯ ಶಿಲಾಸ್ತಂಭದಲ್ಲಿ, ಕಟ್ಟಿದ ಮನೆ ಕುಸಿದು ಯಜಮಾನ ಸತ್ತರೆ ಕಟ್ಟಿದವನಿಗೆ ಮರಣದಂಡನೆ ಎಂಬ ಶಾಸನವಿದೆ. ಅದು ಕ್ರಿಸ್ತಪೂರ್ವ 18ನೆಯ ಶತಮಾನದ ಬಾಬಿಲೋನಿಯದ ಮಾತು. ಯೆಹೂದ್ಯರ ಧರ್ಮಶಾಸ್ತ್ರ ಇನ್ನೂ ಸೂಕ್ಷ್ಮವಾದದ್ದು. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಕೈಪಿಡಿಗೋಡೆ ಕಟ್ಟಬೇಕು, ಇಲ್ಲದಿದ್ದಲ್ಲಿ ಅಲ್ಲಿಂದ ಬಿದ್ದವನ ರಕ್ತದ ಪಾಪ ಆ ಮನೆಗೆ ತಟ್ಟುತ್ತದೆ ಎಂದು ಅದು ವಿಧಿಸುತ್ತದೆ. ಬಿದ್ದವನು ಎಚ್ಚರಗೇಡಿಯೋ, ಕುಡುಕನೋ, ಕಳ್ಳನೋ ಎಂದು ಅದು ಕೇಳುವುದಿಲ್ಲ. ಮಾಳಿಗೆಯ ಮೇಲೆ ಮಲಗುವ, ಧಾನ್ಯ ಒಣಗಿಸುವ ಜನರ ನಡುವೆ ಹುಟ್ಟಿದ ಕಾನೂನು ಅದು. ನಮ್ಮ ಬಯಲುಸೀಮೆಯ ಮಾಳಿಗೆಮನೆಗಳಲ್ಲಿ ಬೇಸಿಗೆಯ ರಾತ್ರಿ ಕಳೆದವರಿಗೆ ಅದರ ಬೆಲೆ ಬೇಗ ತಿಳಿದೀತು.

ನಮ್ಮ ನಾಡಿನ ಸಂಗತಿಗೆ ಬಂದರೆ, ಕೌಟಿಲ್ಯನ ಅರ್ಥಶಾಸ್ತ್ರವನ್ನು ನೆನೆಯಲೇಬೇಕು. ಶತಮಾನಗಳ ಕಾಲ ಹೆಸರಿನಲ್ಲಷ್ಟೇ ಉಳಿದಿದ್ದ ಈ ಗ್ರಂಥದ ತಾಳೆಯೋಲೆಯನ್ನು ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ 1905ರಲ್ಲಿ ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು, 1909ರಲ್ಲಿ ಅದು ಅಚ್ಚಾಗಿ ಲೋಕಕ್ಕೆ ದೊರೆಯಿತು. ರಾಜನೀತಿಗಾಗಿ, ಗೂಢಚಾರರ ಕತೆಗಾಗಿ ಅದನ್ನು ಓದುವವರು ಬಹಳ. ನಗರಾಡಳಿತದ ಅಧ್ಯಾಯದಲ್ಲಿ ಅಡಿಗೆಮನೆಯ ಸಂಗತಿಯೂ ಇದೆ. ಬೇಸಿಗೆಯಲ್ಲಿ ಹಗಲಿನ ನಡುವಣ ಎರಡು ಭಾಗಗಳಲ್ಲಿ ಒಲೆ ಹೊತ್ತಿಸಕೂಡದು, ಹೊತ್ತಿಸಿದರೆ ದಂಡ. ಬೇಕಾದರೆ ಮನೆಯ ಹೊರಗೆ ಬೇಯಿಸಿಕೊಳ್ಳಬಹುದು. ಪ್ರತಿ ಮನೆಯಲ್ಲೂ ನೀರಿನ ಗಡಿಗೆ, ಮರದ ತೊಟ್ಟಿ, ಏಣಿ, ಕೊಡಲಿ, ಮೊರ, ಕೊಕ್ಕೆ, ತೊಗಲಿನ ಚೀಲ ಸಿದ್ಧವಿರಬೇಕು. ಬೀದಿಗಳಲ್ಲಿ ನೀರು ತುಂಬಿದ ಕೊಡಗಳು ಸಾಲುಸಾಲಾಗಿ ಸಾವಿರ ಲೆಕ್ಕದಲ್ಲಿ ನಿಂತಿರಬೇಕು. ಬೆಂಕಿ ಬಿದ್ದಾಗ ಓಡಿ ಬಾರದ ಮನೆಯ ಒಡೆಯನಿಗೆ 12 ಪಣ ದಂಡ, ಬಾಡಿಗೆಯವನಿಗೆ 6 ಪಣ. ಅಜಾಗ್ರತೆಯಿಂದ ಬೆಂಕಿ ಹತ್ತಿಸಿದವನಿಗೆ 54 ಪಣ. ಬೇಕೆಂದೇ ಹಚ್ಚಿದವನಿಗಾದರೋ ಬೆಂಕಿಯಲ್ಲೇ ಸಾವು. ಕೈತಪ್ಪಿಗೂ ಕೇಡಿಗೂ ನಡುವಣ ಗೆರೆಯನ್ನು ಎಷ್ಟು ಸ್ಪಷ್ಟವಾಗಿ ಎಳೆದಿದ್ದಾನೆ ಎಂಬುದನ್ನು ತಾವು ಗಮನಿಸಬೇಕು. ಈ ಗೆರೆಯ ಮಾತನ್ನು ಮುಂದೆ ಇನ್ನೊಮ್ಮೆ ಎತ್ತುತ್ತೇನೆ.

ಇಷ್ಟೆಲ್ಲ ಲೆಕ್ಕಾಚಾರ ಬೆಂಕಿಗೆ ಮಾತ್ರ. ಅಟ್ಟದಿಂದ ಬಿದ್ದವಳ, ಬಚ್ಚಲಲ್ಲಿ ಜಾರಿದವನ ಪ್ರಸ್ತಾಪ ಆ ಅಧ್ಯಾಯದಲ್ಲಿ ಇಲ್ಲ. ಕಾರಣ ಸರಳವಾದದ್ದೆಂದು ನನಗೆ ತೋರುತ್ತದೆ. ಬೆಂಕಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹಾರುತ್ತದೆ, ಬೀಳು ಹಾರುವುದಿಲ್ಲ. ನೆರೆಯವನಿಗೆ ತಟ್ಟುವ ಅಪಾಯಕ್ಕೆ ರಾಜ್ಯ ಕಣ್ಣು ತೆರೆಯುತ್ತದೆ, ಒಬ್ಬಳೇ ಮುದುಕಿಯ ಸೊಂಟ ಮುರಿಯುವ ಅಪಾಯ ಆ ಮನೆಯ ಹೊಸ್ತಿಲೊಳಗೇ ಉಳಿಯುತ್ತದೆ. ಇತ್ತೀಚಿನ ಚರಿತ್ರೆಯೂ ಹಾಗೆಯೇ ನಡೆದಿದೆ. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಎಂಬ ಜರ್ಮನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ, ಮುಳಿಹುಲ್ಲಿನ ಮಾಡುಗಳಿದ್ದ ಕರಾವಳಿಯ ಊರುಗಳಿಗೆ ಕೆಂಪು ಹೆಂಚು ಹೊಸ ನಿರ್ಭಯವನ್ನು ತಂದಿತು. ಒಂದು ಕಿಡಿಗೆ ಬೀದಿಗೆ ಬೀದಿಯೇ ಬೂದಿಯಾಗುವ ಕಾಲ ಮೆಲ್ಲನೆ ಹಿಂದೆ ಸರಿಯಿತು. 1898ರ ಪ್ಲೇಗಿನಿಂದ ತತ್ತರಿಸಿದ ಬೆಂಗಳೂರು ಬಸವನಗುಡಿ, ಮಲ್ಲೇಶ್ವರಗಳನ್ನು ಗಾಳಿ ಬೆಳಕಿನ ಲೆಕ್ಕ ಹಾಕಿ ಬಿಡಿಸಿತು. ಬೆಂಕಿ, ರೋಗ ಇವು ಹಬ್ಬುವಂಥವು, ಆದ್ದರಿಂದ ಇವಕ್ಕೆ ಯೋಜನೆ ಬಂತು. ಮೆಟ್ಟಿಲು, ಬಚ್ಚಲು, ಅಟ್ಟ ಇವು ಗಾರೆಯವನ ಕೈಗೂ ಮನೆಯವರ ಹಣೆಬರಹಕ್ಕೂ ಬಿಟ್ಟ ವಿಷಯಗಳಾಗಿ ಉಳಿದವು.

ಮೆಟ್ಟಿಲಿಗೆ ಒಂದು ಶಾಸ್ತ್ರವಿಲ್ಲವೆಂದಲ್ಲ. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್, ದೇವಾಲಯದ ಮೆಟ್ಟಿಲುಗಳ ಸಂಖ್ಯೆ ಬೆಸವಾಗಿರಬೇಕೆಂದು ಬರೆದ. ಬಲಗಾಲಿನಿಂದ ಹತ್ತತೊಡಗಿದವನು ಮೇಲಿನ ನೆಲವನ್ನೂ ಬಲಗಾಲಿನಿಂದಲೇ ಮುಟ್ಟುವಂತಾಗಲೆಂದು ಈ ಏರ್ಪಾಡು. ಸೊಸೆಗೆ "ಬಲಗಾಲಿಟ್ಟು ಒಳಗೆ ಬಾ" ಎನ್ನುವ, ಇಂದಿಗೂ ಮೆಟ್ಟಿಲನ್ನು ಬೆಸಸಂಖ್ಯೆಯಲ್ಲೇ ಇಡಿಸುವ ನಮ್ಮ ಜನಕ್ಕೆ ರೋಮ್ ಅಷ್ಟೇನೂ ದೂರವಲ್ಲ. ಅನಂತರ 1675ರಲ್ಲಿ ಫ್ರಾನ್ಸಿನ ಫ್ರಾನ್ಸ್ವಾ ಬ್ಲೋಂದೆಲ್ ಶುಭಾಶುಭಗಳನ್ನು ಬದಿಗಿಟ್ಟು ಮನುಷ್ಯನ ಹೆಜ್ಜೆಯನ್ನೇ ಅಳೆದ. ಸಮನೆಲದ ಮೇಲೆ ನಡೆಯುವವನ ಹೆಜ್ಜೆ 24 ಅಂಗುಲ. ಮೇಲೇರುವ ಪ್ರತಿ ಅಂಗುಲದ ಶ್ರಮ ಮುಂದೆ ಸಾಗುವ ಎರಡು ಅಂಗುಲಕ್ಕೆ ಸಮ. ಆದ್ದರಿಂದ ಮೆಟ್ಟಿಲಿನ ಎತ್ತರವನ್ನು ಇಮ್ಮಡಿಸಿ, ಪಾದವಿಡುವ ಅಗಲವನ್ನು ಕೂಡಿಸಿದರೆ 24 ಬರಬೇಕು. ಅವನ ಅಂಗುಲ ಈಗಿನದಕ್ಕಿಂತ ತುಸು ದೊಡ್ಡದು. ನಮ್ಮ ಲೆಕ್ಕದಲ್ಲಿ ಸುಮಾರು 650 ಮಿಲಿಮೀಟರು. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು ಬಂದದ್ದು 1970ರಲ್ಲಿ. ವಾಸದ ಮನೆಯ ಮೆಟ್ಟಿಲು 190 ಮಿಲಿಮೀಟರಿಗಿಂತ ಎತ್ತರವಿರಬಾರದು, 250ಕ್ಕಿಂತ ಕಿರಿದಾಗಬಾರದು ಎಂಬುದು ಆ ಸಂಹಿತೆಯ ಅಳತೆ. ಲೆಕ್ಕ ಹಾಕಿ ನೋಡಿ, 630 ಬರುತ್ತದೆ. ಮೂರು ಶತಮಾನ ಕಳೆದರೂ ಮನುಷ್ಯನ ಮೊಣಕಾಲು ಅದೇ ಮೊಣಕಾಲು.

ಶಾಸ್ತ್ರ ಇದ್ದರೇನು, 30-40ರ ನಿವೇಶನದಲ್ಲಿ ಮೆಟ್ಟಿಲಿಗೆ ಜಾಗ ಸಿಗುವುದು ಎಲ್ಲಕ್ಕೂ ಕೊನೆಗೆ. ದೇವರಮನೆಗೆ ಈಶಾನ್ಯ, ಒಲೆಗೆ ಆಗ್ನೇಯ, ಕಾರಿಗೆ ಮುಂಭಾಗ, ಎಂದೆಲ್ಲ ಹಂಚಿದ ಮೇಲೆ ಉಳಿದ ಮೂಲೆಯಲ್ಲಿ ಸುತ್ತಿ ಸುತ್ತಿ ಏರುವುದು ಮೆಟ್ಟಿಲಿನ ಪಾಡು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕಡಿದಾದ ಮೆಟ್ಟಿಲಿಗೆ ಕಾಲು ಒಗ್ಗಿಕೊಳ್ಳುತ್ತದೆ. ಅಸಮವಾದ ಮೆಟ್ಟಿಲಿಗೆ ಒಗ್ಗುವುದಿಲ್ಲ. ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಕಾಲು ತನ್ನ ಲೆಕ್ಕವನ್ನು ಕಟ್ಟಿಕೊಂಡುಬಿಡುತ್ತದೆ, ಮುಂದಿನದನ್ನು ಕಣ್ಣಿಗೂ ಕೇಳುವುದಿಲ್ಲ. ಕಾಂಕ್ರೀಟಿನ ಮೆಟ್ಟಿಲನ್ನು ಮೊದಲು ಎರಕ ಹೊಯ್ದು, ನೆಲದ ಕಲ್ಲನ್ನು ತಿಂಗಳುಗಳ ಮೇಲೆ ಹಾಸುವುದು ನಮ್ಮಲ್ಲಿ ವಾಡಿಕೆ. ನೆಲದ ಹಾಸು ದಪ್ಪ, ಮೆಟ್ಟಿಲಿನ ಹಾಸು ತೆಳು. ಹೀಗಾಗಿ ಕೆಳಗಿನ ಮೊದಲ ಮೆಟ್ಟಿಲು ಗಿಡ್ಡವಾಗುತ್ತದೆ, ಮೇಲಿನ ಕೊನೆಯದು ಎತ್ತರವಾಗುತ್ತದೆ. ಒಂದು ಅಂಗುಲದ ಈ ಮೋಸವನ್ನು ಗೃಹಪ್ರವೇಶಕ್ಕೆ ಬಂದ ನೂರು ಜನರಲ್ಲಿ ಯಾರೂ ಕಾಣರು. ಅದನ್ನು ಕಂಡುಹಿಡಿಯುವುದು ಒಂದು ರಾತ್ರಿ ಕರೆಂಟು ಹೋದಾಗ, ಒಂದು ಕಾಲು. ಕಟ್ಟಡ ಸಂಹಿತೆಯೋ ತಾನಾಗಿಯೇ ಯಾರನ್ನೂ ಕಟ್ಟಿಹಾಕುವಂಥದಲ್ಲ. ಸ್ಥಳೀಯ ಸಂಸ್ಥೆಗಳು ತಮ್ಮ ಉಪವಿಧಿಗಳಲ್ಲಿ ಅದನ್ನು ಸೇರಿಸಿಕೊಂಡರಷ್ಟೇ ಅದಕ್ಕೆ ಹಲ್ಲು ಬರುತ್ತದೆ.

ಹಳೆಯ ಮನೆಗಳು ಇದಕ್ಕಿಂತ ಮೇಲಾಗಿದ್ದವೆ? ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಸೀಮೆಯ ಒಂದು ಚೌಕಿಮನೆಯಲ್ಲಿ. ಅಟ್ಟ ಹತ್ತುವ ಮರದ ಏಣಿಮೆಟ್ಟಿಲು ಗೋಡೆಯಷ್ಟೇ ನೆಟ್ಟಗೆ. ಬ್ಲೋಂದೆಲ್ ಕಂಡಿದ್ದರೆ ಬೆಚ್ಚಿಬೀಳುತ್ತಿದ್ದ. ಆದರೆ ಅದರ ನೆತ್ತಿಯಲ್ಲಿ ತೊಲೆಗೆ ಬಿಗಿದ ಒಂದು ಹಗ್ಗ ಇಳಿಬಿದ್ದಿರುತ್ತಿತ್ತು, ಹಿಡಿಗೊಂದೊಂದು ಗಂಟು ಹಾಕಿದ್ದು. ನನ್ನ ದೊಡ್ಡಮ್ಮ ಅರವತ್ತು ದಾಟಿದ ಮೇಲೂ ಒಂದು ಕೈಯಲ್ಲಿ ಆ ಹಗ್ಗ, ಇನ್ನೊಂದು ಕಂಕುಳಲ್ಲಿ ಉಪ್ಪಿನಕಾಯಿ ಭರಣಿ ಹಿಡಿದು ಇಳಿದು ಬರುತ್ತಿದ್ದರು. ಜಗಲಿಯ ಕಂಬಗಳಲ್ಲಿ ಆಳೆತ್ತರದ ಕೆಳಗೆ ಒಂದು ಮೊಳ ಜಾಗ ಎಣ್ಣೆಗಪ್ಪಾಗಿ ಹೊಳೆಯುತ್ತಿತ್ತು. ತಲೆಮಾರುಗಳ ಕೈ ಊರಿದ ಗುರುತು ಅದು. ಬಚ್ಚಲಿನ ಕಲ್ಲು ಉಳಿಯ ಏಟು ಹಾಗೇ ಉಳಿಸಿಕೊಂಡ ಒರಟು ಚಪ್ಪಡಿ. ಮಳೆಗಾಲದಲ್ಲಿ ಅಂಗಳಕ್ಕೆ ಪಾಚಿ ಹಿಡಿಯುವ ಮೊದಲೇ ಅಡಿಕೆ ದಬ್ಬೆಗಳನ್ನು ಜೋಡಿಸಿ ಬಚ್ಚಲಿಗೂ ಕೊಟ್ಟಿಗೆಗೂ ದಾರಿ ಮಾಡುತ್ತಿದ್ದರು. ಬಾಗಿಲು ಎಂಬ ಮಾತು ಬಾಗುವುದರಿಂದ ಬಂದದ್ದೆಂದು ನಮ್ಮ ಕಡೆ ಹೇಳುವುದುಂಟು. ಭಾಷಾಶಾಸ್ತ್ರಜ್ಞರು ಒಪ್ಪಲಾರರು, ಆದರೆ ಆ ಮನೆಯಲ್ಲಿ ಬೆಳೆದ ಎಲ್ಲರ ಹಣೆಯೂ ಒಪ್ಪುತ್ತದೆ.

ಇದನ್ನು ಹೇಳುವಾಗ ಹಳತನ್ನು ಹಾಡಿ ಹೊಗಳುವ ಆಸೆ ನನಗಿಲ್ಲ. ಆ ಮನೆಯ ಹಿತ್ತಿಲ ಬಾವಿಗೆ ನನ್ನ ಬಾಲ್ಯದಲ್ಲಿ ಎದೆಮಟ್ಟದ ಕಟ್ಟೆಯಿತ್ತು. ಮೊದಲು ಇರಲಿಲ್ಲ; ನೆಲಮಟ್ಟದ ಬಾವಿ, ಅಡ್ಡ ಹಾಕಿದ ಎರಡು ಮರದ ದಿಮ್ಮಿ, ಅಷ್ಟೆ. ದೊಡ್ಡಮ್ಮನ ಎರಡನೆಯ ಮಗು, ನಾಲ್ಕು ವರ್ಷದ್ದು, ಒಂದು ಆಷಾಢದ ಬೆಳಿಗ್ಗೆ ಅದರೊಳಗೆ ಬಿದ್ದು ಹೋಯಿತು. ಆ ವರ್ಷದ ದೀಪಾವಳಿಯೊಳಗೆ ಕಟ್ಟೆ ಎದ್ದಿತು. ನಮ್ಮ ನಾಡಿನಲ್ಲಿ ಕೆರೆಗೆ, ಬಾವಿಗೆ, ಸೋಪಾನಕ್ಕೆ ಶಾಸನಗಳಿವೆ. ಯಾವ ಅರಸನ ಕಾಲದಲ್ಲಿ ಯಾರ ಪುಣ್ಯಾರ್ಥ ಕಟ್ಟಿಸಿದರೆಂದು ಕಲ್ಲು ಹೇಳುತ್ತದೆ. ಈ ಕಟ್ಟೆಗೆ ಶಾಸನವಿಲ್ಲ. ಊರಿನ ಎಷ್ಟು ಬಾವಿಕಟ್ಟೆಗಳ ಹಿಂದೆ ಇಂಥ ಎಷ್ಟು ಆಷಾಢಗಳಿದ್ದಾವು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಅಡಿಗೆಮನೆಯ ಚರಿತ್ರೆಯಲ್ಲಿಯೂ ಹೀಗೆ ಅಳಿಸಿಹೋದ ಹೆಸರುಗಳ ಮೇಲೆಯೇ ನಾವು ನಿಂತಿದ್ದೇವೆ. ಗ್ಯಾಸ್ ಸೋರಿದಾಗ ಮೂಗಿಗೆ ಬಡಿಯುವ ಆ ಕೊಳೆತ ವಾಸನೆ ಗ್ಯಾಸಿನದಲ್ಲ. ಅದಕ್ಕೆ ಸ್ವಂತ ವಾಸನೆ ಇಲ್ಲವೆಂದೇ ಹೇಳಬೇಕು. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಸ್ ಪ್ರಾಂತದ ನ್ಯೂ ಲಂಡನ್ ಎಂಬ ಊರಿನ ಶಾಲೆಯ ನೆಲದಡಿಯಲ್ಲಿ ವಾಸನೆಯಿಲ್ಲದ ಅನಿಲ ತುಂಬಿಕೊಂಡು, ಒಂದು ಕಿಡಿಗೆ ಶಾಲೆಯೇ ಸಿಡಿಯಿತು. ಸತ್ತ ಮಕ್ಕಳು, ಉಪಾಧ್ಯಾಯರು ಮುನ್ನೂರಕ್ಕೆ ಹತ್ತಿರ. ಆ ಮೇಲೆ ಅನಿಲಕ್ಕೆ ದುರ್ವಾಸನೆ ಬೆರೆಸಬೇಕೆಂಬ ಕಾನೂನು ಬಂತು, ಲೋಕವೆಲ್ಲ ಹಬ್ಬಿತು. ನಮ್ಮ ಸಿಲಿಂಡರಿನಲ್ಲಿ ಬೆರೆಸುವ ವಸ್ತುವಿನ ಹೆಸರು ಈಥೈಲ್ ಮರ್ಕ್ಯಾಪ್ಟನ್. ಗಾಳಿಗಿಂತ ಭಾರವಾದ ಈ ಗ್ಯಾಸು ನೆಲದ ಮೇಲೆ ನೀರಿನಂತೆ ಹರಡಿ ನಿಲ್ಲುತ್ತದೆ. ಆದ್ದರಿಂದ ವಾಸನೆ ಬಂದಾಗ ದೀಪದ ಸ್ವಿಚ್ಚು ಮುಟ್ಟದೆ, ಮೊದಲು ಬಾಗಿಲು ತೆರೆಯಬೇಕು. ಇದು ಎಲ್ಲರಿಗೂ ಗೊತ್ತಿದ್ದದ್ದೇ ಎನ್ನಬೇಡಿ. ಕತ್ತಲಲ್ಲಿ ಕೈ ತಾನಾಗಿಯೇ ಹೋಗುವುದು ಸ್ವಿಚ್ಚಿನ ಕಡೆಗೆ. ಇನ್ನು ಕಿಟಕಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರು ಇಟ್ಟವರ ವಿಷಯ. ಅಲ್ಲಿ ಹುಟ್ಟುವ ಕಾರ್ಬನ್ ಮೋನಾಕ್ಸೈಡಿಗೆ ವಾಸನೆ ಬೆರೆಸುವ ಉಪಾಯವನ್ನು ಯಾರೂ ಕಂಡುಹಿಡಿದಿಲ್ಲ.

ಗ್ಯಾಸಿಗೆ ಮೊದಲಿನದು ಸೀಮೆಎಣ್ಣೆ ಸ್ಟೌವಿನ ಕಾಲ. ಸ್ವೀಡನ್ನಿನಲ್ಲಿ 1892ರಲ್ಲಿ ಹುಟ್ಟಿದ ಪ್ರೈಮಸ್ ಎಂಬ ಪಂಪು ಸ್ಟೌ, ನಮ್ಮ ಹೆಂಗಸರ ಕಣ್ಣನ್ನು ಹೊಗೆಯಿಂದ ಬಿಡಿಸಿತೆಂಬುದು ನಿಜ. ಅದನ್ನು ನೆಲದ ಮೇಲಿಟ್ಟು, ಕುಕ್ಕರುಗಾಲಿನಲ್ಲಿ ಕುಳಿತು, ಸೆರಗು ಇಳಿಬಿಟ್ಟು ಅಡಿಗೆ ಮಾಡಬೇಕಾಯಿತೆಂಬುದೂ ನಿಜ. ಸೀರೆ ಹತ್ತಿಯದಾಗಿದ್ದಷ್ಟು ಕಾಲ ಒಂದು ಲೆಕ್ಕ; ನೈಲಾನು, ಟೆರಿಲೀನುಗಳು ಬಂದ ಮೇಲೆ ಅವು ಕರಗಿ ಮೈಗೇ ಅಂಟಿದವು. ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಂದಕ್ಕೆ ಹೋಗುವುದು ಅಪ್ರಾಮಾಣಿಕವಾದೀತು. 1970-80ರ ದಶಕಗಳ ಪತ್ರಿಕೆಗಳಲ್ಲಿ "ಸ್ಟೌ ಸಿಡಿದು ಗೃಹಿಣಿಯ ಸಾವು" ಎಂಬ ನಾಲ್ಕು ಸಾಲಿನ ಸುದ್ದಿಯನ್ನು ನಾವೆಲ್ಲ ಕಾಫಿ ಕುಡಿಯುತ್ತ ಓದಿದ್ದೇವೆ. ಸ್ಟೌ ಸೊಸೆಯನ್ನೇ ಹುಡುಕಿಕೊಂಡು ಸಿಡಿಯುವುದೇಕೆ ಎಂದು ಕೆಲವು ಹೆಂಗಸರು ಕೇಳುವತನಕ ಅದು ಅಪಘಾತವೇ ಆಗಿತ್ತು. ಬೆಂಗಳೂರಿನ ವಿಮೋಚನಾ ಸಂಸ್ಥೆಯವರು 1990ರ ದಶಕದಲ್ಲಿ ಇಂಥ ಸಾವುಗಳ ಕಡತಗಳನ್ನು ಬಿಡಿಸಿ ಪ್ರಶ್ನೆ ಎತ್ತಿದರು. ಅದಕ್ಕೂ ಮೊದಲು, 1983ರಲ್ಲಿ ಗಂಡನ ಮನೆಯವರ ಕ್ರೌರ್ಯವನ್ನು, 1986ರಲ್ಲಿ ವರದಕ್ಷಿಣೆ ಸಾವನ್ನು ದಂಡಸಂಹಿತೆ ಅಪರಾಧವಾಗಿ ಹೆಸರಿಸಿತ್ತು. ಅಜಾಗ್ರತೆಗೆ 54 ಪಣ, ಕೇಡಿಗೆ ಬೇರೆ ಶಿಕ್ಷೆ ಎಂದು ಕೌಟಿಲ್ಯ ಎಳೆದ ಗೆರೆ ಮತ್ತೆ ಪೊಲೀಸ್ ಕಡತಕ್ಕೆ ಬರಲು ಇಷ್ಟು ಕಾಲ ಬೇಕಾಯಿತು. ಅಪಘಾತವೆಂಬ ಪದ ಎಷ್ಟನ್ನು ಮುಚ್ಚಿಡಬಲ್ಲುದು ಎಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ನನಗೆ ತಿಳಿಯದು.

ನೆಲದ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ಇಂದು ನಮ್ಮನ್ನು ಹೆಚ್ಚಾಗಿ ಬೀಳಿಸುತ್ತಿರುವುದು ಅದೇ. ಸಗಣಿ ಸಾರಿಸಿದ ಮಣ್ಣಿನ ನೆಲಕ್ಕೆ ದೋಷಗಳು ಬೇಕಾದಷ್ಟಿದ್ದವು, ಜಾರಿಸುವುದು ಅವುಗಳಲ್ಲಿ ಒಂದಾಗಿರಲಿಲ್ಲ. ಆಮೇಲೆ ಉತ್ತರದಲ್ಲಿ ಶಹಾಬಾದಿನ ಕಲ್ಲು, ಪಟ್ಟಣಗಳಲ್ಲಿ ಕೆಂಪು ಕಾವಿಯ ಸಿಮೆಂಟು ನೆಲ, ಅನಂತರ ಮೊಸಾಯಿಕ್ಕು, ಅದರ ಮೇಲೆ ಪಾಲಿಶು ಮಾಡಿದ ಗ್ರಾನೈಟು, ಈಗ ಮುಖ ಕಾಣುವಂಥ ವಿಟ್ರಿಫೈಡ್ ಟೈಲು. ಒಂದಕ್ಕಿಂತ ಒಂದು ನುಣುಪು, ಒಂದಕ್ಕಿಂತ ಒಂದು ಹೊಳಪು. ಒಣಗಿದ್ದಾಗ ಇವು ಅಷ್ಟೇನೂ ಕೆಡುಕಲ್ಲ. ನೀರಿನ ಒಂದು ತೆಳುಪೊರೆ ಬಿದ್ದರೆ, ಅದರಲ್ಲಿ ಸಾಬೂನೂ ಬೆರೆತರೆ, ಅಂಗಾಲಿಗೂ ನೆಲಕ್ಕೂ ನಡುವೆ ಆ ಪೊರೆ ಹಿಸುಕಿ ಹೊರಗೆ ಹೋಗಲು ಒರಟು ಜಾಗವೇ ಇಲ್ಲದೆ, ಕಾಲು ನೆಲವನ್ನು ಮುಟ್ಟುವುದೇ ಇಲ್ಲ. ಪೊರೆಯ ಮೇಲೆ ತೇಲುತ್ತದೆ. ಒರಟು ಚಪ್ಪಡಿ ಮಾಡುತ್ತಿದ್ದ ಉಪಕಾರ ಇದೇ, ನೀರಿಗೆ ಓಡಲು ದಾರಿ ಕೊಡುತ್ತಿತ್ತು. ನಾಲ್ಕೂವರೆ ಸಾವಿರ ವರ್ಷಗಳ ಹಿಂದೆ ಮೊಹೆಂಜೊದಾರೊದ ಮನೆಗಳಲ್ಲಿ ಬಚ್ಚಲಿನ ಇಟ್ಟಿಗೆನೆಲವನ್ನು ಒಂದು ಮೂಲೆಯ ಮೋರಿಗೆ ಇಳಿಜಾರಾಗಿ ಹಾಸುತ್ತಿದ್ದರು. ಇಂದಿನ ಎಷ್ಟೋ ಬಚ್ಚಲುಗಳಲ್ಲಿ ನೀರು ಬಾಗಿಲ ಬಳಿ ನಿಂತಿರುವುದನ್ನು ಕಂಡಾಗ ಆ ಅನಾಮಧೇಯ ಗಾರೆಯವರನ್ನು ನೆನೆಯಬೇಕೆನಿಸುತ್ತದೆ. ಟೈಲು ಕೊಳ್ಳಲು ಅಂಗಡಿಗೆ ಹೋದವರು ಬೆಳಕಿಗೆ ಹಿಡಿದು ನೋಡುತ್ತಾರೆ, ಬೆರಳಿನಿಂದ ಸವರಿ ನೋಡುತ್ತಾರೆ. ಅದರ ಮೇಲೆ ಒಂದು ಲೋಟ ನೀರು ಚೆಲ್ಲಿಸಿ ಬರಿಗಾಲಿನಲ್ಲಿ ನಿಂತು ನೋಡಿದವರನ್ನು ನಾನಂತೂ ಕಂಡಿಲ್ಲ.

ದೊಡ್ಡಮ್ಮ ಬಿದ್ದದ್ದು ಅಂಥ ನೆಲದ ಮೇಲೆಯೇ. ಮಗ ಶಿವಮೊಗ್ಗದಲ್ಲಿ ಮನೆ ಕಟ್ಟಿ ಪ್ರೀತಿಯಿಂದ ಕರೆತಂದಿದ್ದ. ಅಟ್ಟದ ಏಣಿಯನ್ನು ಅಷ್ಟು ವರ್ಷ ಹತ್ತಿ ಇಳಿದವರು, 76ರ ವಯಸ್ಸಿನಲ್ಲಿ, ಸಮತಟ್ಟಾದ ಬಚ್ಚಲಿನಲ್ಲಿ ತಂಬಿಗೆ ಎತ್ತಿಕೊಳ್ಳಲು ಬಾಗಿದಾಗ ಜಾರಿದರು. ಹಿಡಿಯಲು ಕೈ ಚಾಚಿದ ಕಡೆ ಇದ್ದದ್ದು ನುಣುಪಾದ ಗೋಡೆ. ತೊಡೆಯ ಮೂಳೆಯ ಕತ್ತು ಮುರಿದಿತ್ತು. ಶಸ್ತ್ರಚಿಕಿತ್ಸೆ ಸರಿಯಾಗಿಯೇ ಆಯಿತು, ಮನೆಯವರು ನೋಡಿಕೊಂಡದ್ದರಲ್ಲಿಯೂ ಏನೂ ಕೊರತೆಯಿರಲಿಲ್ಲ. ಆದರೆ ಅಲ್ಲಿಂದಾಚೆಗೆ ಅವರು ಜಗಲಿಗೆ ಬಂದು ಕೂರಲಿಲ್ಲ. ಬಿದ್ದ ನೋವಿಗಿಂತ ಮತ್ತೆ ಬಿದ್ದೇನೆಂಬ ಭಯ ದೊಡ್ಡದಾಯಿತು. ನಡಿಗೆ ಕಡಮೆಯಾಯಿತು, ನಡಿಗೆ ಕಡಮೆಯಾದಷ್ಟೂ ಕಾಲು ಸೋತಿತು. ಹದಿನಾಲ್ಕು ತಿಂಗಳು ಬದುಕಿದ್ದರು. ನೋಡಲು ಹೋದವರೆಲ್ಲರ ಹತ್ತಿರವೂ ಒಂದೇ ಮಾತು: "ಏನು ಮಾಡೋದು ಮಗಾ, ನನ್ನ ಕಾಲಿಗೆ ಆವತ್ತು ಕಣ್ಣಿರಲಿಲ್ಲ." ಬಾವಿಗೆ ಬಿದ್ದ ಮಗುವಿನ ವಿಷಯದಲ್ಲಿ ಅವರು ಎಂದೂ ಹಾಗೆ ಹೇಳಿದ್ದಿಲ್ಲ. ಅಲ್ಲಿ ಕಟ್ಟೆ ಇರಲಿಲ್ಲ ಎನ್ನುತ್ತಿದ್ದರು.

ವೈದ್ಯಶಾಸ್ತ್ರ ಕೂಡ ಬಹುಕಾಲ ದೊಡ್ಡಮ್ಮನಂತೆಯೇ ಯೋಚಿಸುತ್ತಿತ್ತು: ವಯಸ್ಸಾಯಿತು, ಬಿದ್ದರು. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನ ಡಾ. ಜೆ. ಎಚ್. ಶೆಲ್ಡನ್ 1960ರಲ್ಲಿ, 202 ವೃದ್ಧರ 500 ಬೀಳುಗಳನ್ನು ಒಂದೊಂದಾಗಿ ಕೇಳಿ ಬರೆದುಕೊಂಡು ಪ್ರಕಟಿಸಿದ. ಬೀಳುವುದಕ್ಕೂ ಒಂದು ಸ್ವಭಾವ, ಒಂದು ಕ್ರಮವಿದೆ ಎಂಬ ಅಧ್ಯಯನ ಅಲ್ಲಿಂದ ಬೆಳೆಯಿತು. ಮೆಟ್ಟಿಲಿಳಿಯುವಾಗ ನೆಲ ಬಂತೆಂದು ತಿಳಿದು ಕೊನೆಯ ಮೆಟ್ಟಿಲನ್ನು ತಪ್ಪಿಸಿ ಬಿದ್ದವರು ಅವನ ಪಟ್ಟಿಯಲ್ಲಿ ಅನೇಕರು. ಮನೆಯನ್ನೇ ತಿದ್ದಿದರೆ ಏನಾಗುತ್ತದೆ ಎಂಬುದನ್ನು ಚೆನ್ನಾಗಿ ಪರೀಕ್ಷಿಸಿದ ಪ್ರಯೋಗಗಳಲ್ಲೊಂದು ನ್ಯೂಜಿಲೆಂಡಿನ ತಾರಾನಾಕಿ ಪ್ರಾಂತದಲ್ಲಿ ನಡೆದು, 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 842 ಮನೆಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿನ ಮನೆಗಳಿಗೆ ಮೆಟ್ಟಿಲಿನ ಕೈಪಿಡಿ, ಬಚ್ಚಲಲ್ಲಿ ಹಿಡಿಕಂಬಿ, ಹೊರಗೆ ಬೆಳಕು, ಮೆಟ್ಟಿಲಿನ ಅಂಚಿಗೆ ಎದ್ದುಕಾಣುವ ಪಟ್ಟಿ, ಜಾರದ ಹಾಸು ಇಷ್ಟನ್ನು ಹಾಕಿಸಿದರು. ಮನೆಯಲ್ಲಿ ಬಿದ್ದು ಗಾಯಗೊಳ್ಳುವುದು ವರ್ಷಕ್ಕೆ 26ರಷ್ಟು ಶೇಕಡಾ ಕಡಮೆಯಾಯಿತು. ಯಾರ ಕಾಲಿಗೂ ಹೊಸ ಕಣ್ಣು ಬಂದಿರಲಿಲ್ಲ. ಬಡಗಿಯೊಬ್ಬ ಬಂದು ಹೋಗಿದ್ದ, ಅಷ್ಟೆ. ಲೋಕದಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಅಕಸ್ಮಾತ್ ಸಾವುಗಳಲ್ಲಿ ರಸ್ತೆಯ ಅಪಘಾತ ಬಿಟ್ಟರೆ ಇದೇ ದೊಡ್ಡದು. ರಸ್ತೆಗೆ ಕಾನೂನಿದೆ, ಪೊಲೀಸರಿದ್ದಾರೆ, ದಂಡವಿದೆ.

ಹಿಡಿಕಂಬಿ ಹಾಕಿಸುವುದು ಹಣದ ಮಾತಲ್ಲ, ಮಾನದ ಮಾತು ಎಂಬುದು ನನ್ನ ತಾಯಿಗಾಗಿ ಹಾಕಿಸಲು ಹೊರಟಾಗ ನನಗೆ ತಿಳಿಯಿತು. ಅವರಿಗೆ ಆಗ 82. "ನನಗೇನಾಗಿದೆ? ಬಂದವರು ಕಂಡರೆ ರೋಗಿಷ್ಠರ ಮನೆ ಅಂದುಕೊಳ್ಳುತ್ತಾರೆ" ಎಂದು ಒಪ್ಪಲೇ ಇಲ್ಲ. ಅಂಗಡಿಯಲ್ಲಿಯೂ ಆ ಕಂಬಿಗಳನ್ನು ಇಟ್ಟಿದ್ದದ್ದು ಗಾಲಿಕುರ್ಚಿ, ಊರುಗೋಲುಗಳ ಪಕ್ಕದಲ್ಲಿ. ಅಟ್ಟದ ಹಗ್ಗವನ್ನು ಯಾರೂ ರೋಗಿಯ ಹಗ್ಗವೆಂದುಕೊಂಡಿರಲಿಲ್ಲ. ಮಕ್ಕಳು, ಮುದುಕರು, ಬಸುರಿಯರು, ಎಲ್ಲರೂ ಹಿಡಿಯುತ್ತಿದ್ದರು. ನಾನು ಅಮ್ಮನಿಗೆ ಆ ಹಗ್ಗವನ್ನೇ ನೆನಪಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನೀನೂ ಹಿಡಿಯಬೇಕು" ಎಂದರು. ಒಪ್ಪಿಕೊಂಡೆ. ಮಾರನೆಯ ದಿನ ಬಂದ ಗಾರೆ ಮೇಸ್ತ್ರಿ ಬಚ್ಚಲನ್ನೊಮ್ಮೆ ನೋಡಿ, ಟೇಪನ್ನು ಜೇಬಿನಲ್ಲೇ ಇಟ್ಟುಕೊಂಡು ಹೊರಗೆ ಬಂದ. ಇಷ್ಟು ವರ್ಷಗಳಲ್ಲಿ ನಾನು ಮೂರು ಸಲ ಮನೆ ಕಟ್ಟಿಸುವುದನ್ನು ನೋಡಿದ್ದೇನೆ, ನಿವೇಶನ ಅಳೆಯುವುದನ್ನು, ಗೋಡೆ ಅಳೆಯುವುದನ್ನು, ಆಯ ಅಳೆಯುವುದನ್ನು ನೋಡಿದ್ದೇನೆ. ಅವನು ಕೇಳಿದ್ದು ಬೇರೆ: "ಸ್ವಾಮಿ, ಅಮ್ಮಾವ್ರನ್ನ ಒಂದು ಗಳಿಗೆ ಇಲ್ಲಿ ನಿಲ್ಲೋಕೆ ಹೇಳ್ತೀರಾ? ಕೈ ಎಲ್ಲಿಗೆ ಬರುತ್ತೆ ನೋಡ್ಬೇಕು."